ಮನೆ ಹೆರಿಗೆಯ ಜನನ ನೋಂದಣಿ: ಆಶಾ ಮೂಲಕ ಸಿಗುವ ಸೇವೆ ಹೇಗಿದೆ?

ಮನೆಯಲ್ಲಿ ಹುಟ್ಟಿದ ಮಗುವಿನ ಮಾಹಿತಿಯನ್ನು 21 ದಿನದೊಳಗೆ ನೋಂದಣಾಧಿಕಾರಿಗೆ ಕೊಡುವ ಹೊಣೆ 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ ಮನೆಯ ಯಜಮಾನರದ್ದು. ಹೆರಿಗೆಗೆ ಹಾಜರಿದ್ದ ಸೂಲಗಿತ್ತಿ, ನರ್ಸ್ ಕೂಡ ತಿಳಿಸಬೇಕು. ಆದರೆ ಹಳ್ಳಿಯಲ್ಲಿ ಈ ಕೆಲಸ ಮುಂದೆ ಸಾಗುವುದು ಆಶಾ ಕಾರ್ಯಕರ್ತೆ ಬಾಗಿಲಿಗೆ ಬರುವುದರಿಂದ. ಈ ಸೇವೆಯ ದೊಡ್ಡ ಬಲವೇ ಅದು.

ಮನೆ ಹೆರಿಗೆಯಾದರೆ ಆಕೆಯ ಭೇಟಿ 1, 3, 7, 14, 21, 28 ಮತ್ತು 42ನೇ ದಿನ. 21ನೇ ದಿನದವರೆಗೆ ಕಾದರೆ ಗಡುವು ಕೈಜಾರಿದಂತೆಯೇ. ಮೂರನೇ ದಿನವೇ ನಮೂನೆ 1 (ಜನನ ವರದಿಯ ಅರ್ಜಿ) ತುಂಬಿಸಿಬಿಡುವುದು ಒಳ್ಳೆಯದು. ನಾಮಕರಣ ಆಗಲಿ ಎಂದು ಕಾಯುವವರೇ ಹೆಚ್ಚು, ಅದು ಬೇಕಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಣಿ ಮಾಡಿಸಬಹುದು, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.

ಸೇವೆ ಸೋಲುವುದು ಆಶಾ ಮತ್ತು ನೋಂದಣಾಧಿಕಾರಿಯ ನಡುವೆ. ತಾಯಿ ಕಾರ್ಡಿನಲ್ಲಿ ಮಗುವಿನ ತೂಕ, ಲಸಿಕೆ ಬರೆದಿದ್ದನ್ನೇ ನೋಂದಣಿ ಎಂದುಕೊಂಡು ಕುಟುಂಬ ಸುಮ್ಮನಾಗುತ್ತದೆ. ಆಕೆ ಮಾಹಿತಿ ಮುಟ್ಟಿಸಬಲ್ಲಳು, ನೋಂದಣಿ ಮಾಡಲಾರಳು. ಇಷ್ಟಾದರೂ ಆಕೆಯ ಮನೆಭೇಟಿಗಳ 250 ರೂಪಾಯಿ ಪ್ರೋತ್ಸಾಹಧನಕ್ಕೆ ಜನನ ನೋಂದಣಿಯೂ ಒಂದು ಷರತ್ತು. ಕಚೇರಿ ತಡಮಾಡಿದರೆ ಏಳು ಸಲ ನಡೆದವಳ ಹಣ ನಿಲ್ಲುವುದು ಅನ್ಯಾಯ.

ದಿನಾಂಕದಲ್ಲಿ ಆಗುವ ತಪ್ಪು ಮುಂದೆ ಬಹಳ ಕಾಡುತ್ತದೆ. ಮಂಗಳವಾರ ಕಳೆದು ರಾತ್ರಿ 2 ಗಂಟೆಗೆ ಹುಟ್ಟಿದ ಮಗುವನ್ನು ಅಜ್ಜಿ ‘ಮಂಗಳವಾರ ಹುಟ್ಟಿದ್ದು’ ಎನ್ನುತ್ತಾರೆ, ಬೆಳಗಾದ ಮೇಲೆ ತಾನೇ ಬುಧವಾರ! ನಮೂನೆಯಲ್ಲಿ ಬರಬೇಕಾದ್ದು ಬುಧವಾರದ ತಾರೀಖು. ಮೊದಲ ಭೇಟಿಯಲ್ಲೇ ಗಂಟೆ ಕೇಳಿ ಬರೆದುಕೊಳ್ಳುವ ಆಶಾ ಇದ್ದರೆ ಈ ತೊಡಕೇ ಇಲ್ಲ.

ಇನ್ನೊಂದು ತೊಡಕು ತವರಿನದು. ನೋಂದಣಿ ಆಗುವುದು ಮಗು ಹುಟ್ಟಿದ ಊರಿನಲ್ಲಿ, ಗಂಡನ ಊರಿನಲ್ಲಲ್ಲ. ಬಾಣಂತನ ಮುಗಿಸಿ ಹೋದ ಮೇಲೆ ಅಲ್ಲಿ ಕೇಳಿದರೆ ವಾಪಸ್ ಕಳಿಸುತ್ತಾರೆ, ಅಷ್ಟರಲ್ಲಿ ಗಡುವೂ ದಾಟಿರುತ್ತದೆ. ಆಂಬ್ಯುಲೆನ್ಸ್‌ನಲ್ಲಿ ದಾರಿಯಲ್ಲೇ ಹೆರಿಗೆಯಾದರೆ ವಾಹನ ಮೊದಲು ನಿಂತ ಜಾಗದಲ್ಲಿ ಮಾಹಿತಿ ಕೊಡಬೇಕು. ಈ ನಿಯಮ ಗೊತ್ತಿರುವವರು ಕಡಿಮೆ.

21 ದಿನ ದಾಟಿದರೂ ಹುಟ್ಟಿದ 30 ದಿನದೊಳಗಾದರೆ ಶುಲ್ಕ ಕಟ್ಟಿದರೆ ಸಾಕು. ಅಲ್ಲಿಂದ ಒಂದು ವರ್ಷದವರೆಗೆ ಜಿಲ್ಲಾ ನೋಂದಣಾಧಿಕಾರಿಯ ಲಿಖಿತ ಅನುಮತಿ, ಆಮೇಲೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರವಾದ್ದರಿಂದ ಮುಂದೂಡುವಂತಿಲ್ಲ.

ನಮ್ಮ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಆ ಅಂಕವೆಲ್ಲ ಆಶಾ ಅವರದ್ದು. ನೋಂದಣಿಯಾದ ಏಳು ದಿನದೊಳಗೆ ಪ್ರಮಾಣಪತ್ರ ಉಚಿತವಾಗಿ ಸಿಗಬೇಕು. ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.