ಹೊರಗಿನ ಅಲಾಯ್ ಹಾಕಿಸಿ ಮೂರು ವರ್ಷ, 41 ಸಾವಿರ ಕಿಲೋಮೀಟರ್: 90ರ ಮೇಲೆ ಬರುತ್ತಿದ್ದ ನಡುಕ ಸಿಕ್ಕಿದ್ದು ಎಲ್ಲಿ

ಮೊದಲೇ ಹೇಳಿಬಿಡುತ್ತೇನೆ, ಅಲಾಯ್ ಚಕ್ರ ಕೆಟ್ಟದ್ದಲ್ಲ. ಇವತ್ತಿಗೂ ನನ್ನ ಕಾರಿನಲ್ಲಿ ಅವೇ ಇವೆ. ಆದರೆ ಕಾರಿನ ಜೊತೆ ಬಂದದ್ದನ್ನು ತೆಗೆದು ಹೊರಗಿನ ಅಲಾಯ್ ಹಾಕಿಸುವವರು ಎರಡು ಅಳತೆ ಕೇಳಲೇಬೇಕು. ನನಗೆ ಅವನ್ನು ಯಾರೂ ಹೇಳಲಿಲ್ಲ. 20 ತಿಂಗಳು ಅಲೆದೆ.

ನಮ್ಮದು ಚನ್ನಗಿರಿ. ಕಾರು ಏಳು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅಮ್ಮನಿಗೆ ಸೊಂಟದ ತೊಂದರೆ ಇದೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬಂದು, ಅಲ್ಲಿಂದ ಎನ್‌ಹೆಚ್ 48 ಹಿಡಿದರೆ ಹಿರಿಯೂರು, ಶಿರಾ, ತುಮಕೂರು. ಹಳೇ ಟೈರ್ ಸವೆದಿದ್ದವು. ಹೇಗೂ ಟೈರ್ ಹಾಕಿಸುತ್ತೇವೆ, ಜೊತೆಗೆ ಅಲಾಯ್ ಕೂಡ ಹಾಕಿಸೋಣ ಅಂತ ಹಾಕಿಸಿದೆ. 15 ಇಂಚಿನ ನಾಲ್ಕು ಚಕ್ರ, 185/65 ಟೈರ್. ನೋಡಲು ಬಹಳ ಚೆನ್ನಾಗಿತ್ತು. ಊರೊಳಗೆ ಓಡಿಸಿದಾಗ ಏನೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಮೊದಲ ಬೆಂಗಳೂರು ಟ್ರಿಪ್‌ನಲ್ಲಿ. ಚಿತ್ರದುರ್ಗ ದಾಟಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಜಾಗದಲ್ಲಿ ವೇಗ 88 ಮುಟ್ಟಿತು ನೋಡಿ, ಸ್ಟೇರಿಂಗ್ ಸಣ್ಣಗೆ ಅದುರಲು ಶುರುವಾಯಿತು. 95ಕ್ಕೆ ಜೋರು. ಹತ್ತಿರ ಹತ್ತಿರ 100ಕ್ಕೆ ಹೋದರೆ ಸ್ವಲ್ಪ ಕಡಿಮೆ. 80ಕ್ಕೆ ಇಳಿಸಿದರೆ ಏನೂ ಇಲ್ಲ. ಅಮ್ಮ ಹಿಂದೆ ಕೂತು, "ಬಾಟ್ಲಿ ನೋಡೋ" ಅಂದರು. ಗೇರ್ ಪಕ್ಕದಲ್ಲಿಟ್ಟ ನೀರಿನ ಬಾಟಲಿಯಲ್ಲಿ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು, ಒಂದೇ ಸಮನೆ. ಅಲ್ಲಿಂದ ಮುಂದೆ ಆ ಬಾಟಲಿಯೇ ನನಗೆ ಮೀಟರ್ ಆಯಿತು.

ಅಂಗಡಿಯವರು ಹೊಸ ಟೈರ್, ಸೆಟ್ ಆಗುತ್ತೆ ಅಂದರು. ಆಗಲಿಲ್ಲ. ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು, ಅದನ್ನು ಮಾಡಿಸಿದೆ, ಒಂದಲ್ಲ ಮೂರು ಸಲ, ಎರಡು ಊರಲ್ಲಿ. ಪ್ರತಿ ಸಲವೂ ಮೆಷಿನ್‌ನಲ್ಲಿ ಎರಡೂ ಕಡೆ ಸೊನ್ನೆ. ಅಲೈನ್‌ಮೆಂಟ್ ಎರಡು ಸಲ. ಇದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಕಡೆ ಎಳೆಯುತ್ತದೆ, ಟೈರ್ ಒಂದೇ ಅಂಚಲ್ಲಿ ಸವೆಯುತ್ತದೆ. ಒಂದು ವೇಗಕ್ಕೆ ಬಂದು ಇನ್ನೊಂದು ವೇಗಕ್ಕೆ ಹೋಗುವ ನಡುಕ ಅದರದ್ದಲ್ಲ.

ಆಮೇಲೆ ಒಂದು ಸರ್ವಿಸ್ ಸೆಂಟರ್‌ಗೆ ಹೋದೆ. ಓಡಿಸಿ ನೋಡದೆಯೇ ಡಿಸ್ಕ್ ಮತ್ತು ಪ್ಯಾಡ್ ಬದಲಿಸಬೇಕು ಅಂದರು. ನಾನು ಒಪ್ಪಲಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಡಿಸ್ಕ್ ಮೇಲೆ ಅನುಮಾನ ಪಡಬಹುದು, ನನಗೆ ಬ್ರೇಕ್ ಒತ್ತದೆಯೇ ಅದುರುತ್ತಿತ್ತು. ಇನ್ನೊಂದು ಗ್ಯಾರೇಜಿನಲ್ಲಿ ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದಿಡುವ ಆಸರೆ) ಹೋಗಿದೆ ಅಂತ ಹೊಸದು ಹಾಕಿದರು. ₹4,600 ಹೋಯಿತು, ನಡುಕ ಹಾಗೇ ಇತ್ತು. ಅವತ್ತು ಬಹಳ ಬೇಜಾರಾಯಿತು. ಆಗ ಇನ್ನು ಯಾರೋ ಹೇಳಿದ್ದು ಕೇಳಿ ಪಾರ್ಟ್ ಬದಲಿಸುವುದು ಬೇಡ, ನಾನೇ ಒಂದೊಂದಾಗಿ ತಳ್ಳಿಹಾಕುತ್ತಾ ಬರೋಣ ಅಂತ ತೀರ್ಮಾನ ಮಾಡಿದೆ.

ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 95ರಲ್ಲಿ ಕ್ಲಚ್ ಒತ್ತಿ ಹಿಡಿದೆ. ಎಂಜಿನ್ ಸುತ್ತು ಇಳಿಯಿತು, ನಡುಕ ಇಳಿಯಲಿಲ್ಲ. ಅಂದರೆ ಎಂಜಿನ್ ಅಲ್ಲ, ಮೌಂಟ್ ಅಲ್ಲ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಅಷ್ಟೇ ಅದುರುತ್ತಿತ್ತು, ಹಾಗಾಗಿ ಚಕ್ರಕ್ಕೆ ಎಂಜಿನ್ ಶಕ್ತಿ ತಲುಪಿಸುವ ಡ್ರೈವ್ ಶಾಫ್ಟ್ ಇರಲಾರದು. ಅದರ ಜಾಯಿಂಟ್ ಹೋಗಿದ್ದರೆ ಎಳೆಯುವಾಗ ಜಾಸ್ತಿ ಅದುರುತ್ತದೆ. ಉಳಿದದ್ದು ಚಕ್ರ. ಸ್ಟೇರಿಂಗ್ ಅದುರಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ಮತ್ತು ನೆಲ ಅದುರಿದರೆ ಹಿಂದಿನದು. ನನಗೆ ಸ್ಟೇರಿಂಗ್ ಹೆಚ್ಚು, ಸೀಟು ಸ್ವಲ್ಪ. ಎರಡೂ ಕಡೆ ಏನೋ ಇದೆ.

ಇದರ ನಡುವೆ ಒಂದು ಸುಳಿವು ಸಿಕ್ಕಿತ್ತು, ಆದರೆ ಅದರ ಬೆಲೆ ನನಗೆ ಆಗ ತಿಳಿಯಲಿಲ್ಲ. ಶಿರಾ ಹತ್ತಿರ ಮುಂದಿನ ಎಡ ಚಕ್ರ ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿಕೊಂಡು ಬಂದೆ. ಸ್ಟೆಪ್ನಿ ಕಾರಿನ ಜೊತೆ ಬಂದ ಕಬ್ಬಿಣದ್ದು, ಅಳತೆ ಅದೇ. ಅವತ್ತು ನಡುಕ ಅರ್ಧಕ್ಕರ್ಧ ಕಡಿಮೆ ಇತ್ತು. ಮುಂದೆ ಎರಡು ಕಡೆ ಇದನ್ನು ಹೇಳಿದೆ. "ಹಾಗಾದರೆ ಆ ಟೈರೇ ಕೆಟ್ಟಿರಬೇಕು" ಅಂದರು. ಆ ಟೈರನ್ನು ಹಿಂದಕ್ಕೆ ಹಾಕಿದೆ, ಮುಂದೆ ಬೇರೆ ಬಂತು, ಮತ್ತೆ ಅದೇ ನಡುಕ.

ಕೊನೆಗೆ ದಾವಣಗೆರೆಯಲ್ಲಿ ಒಂದು ಸಣ್ಣ ಗ್ಯಾರೇಜ್. ಅಲ್ಲಿನ ಹಿರಿಯರನ್ನು ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಪೂರ್ತಿ ಕಥೆ ಕೇಳಿದರು. ಸ್ಟೆಪ್ನಿ ವಿಷಯ ಬಂದಾಗ ಕೈ ತೋರಿಸಿ ನಿಲ್ಲಿಸಿ, "ಕಬ್ಬಿಣದ್ದು ಹಾಕಿದಾಗ ಕಮ್ಮಿ ಆಯ್ತಾ?" ಅಂತ ಎರಡು ಸಲ ಕೇಳಿದರು. ಕಾರನ್ನು ಜಾಕ್ ಮೇಲೆ ಎತ್ತಿ, ಒಂದು ಸ್ಕ್ರೂಡ್ರೈವರನ್ನು ಕಲ್ಲಿನ ಮೇಲಿಟ್ಟು ಅದರ ತುದಿ ರಿಮ್ ಅಂಚಿಗೆ ಕೂದಲೆಳೆ ದೂರದಲ್ಲಿ ಬರುವ ಹಾಗೆ ಮಾಡಿ, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿದರು. ಒಂದು ಕಡೆ ಸಂದು ಕಾಣುತ್ತಿತ್ತು, ಅರ್ಧ ಸುತ್ತು ಬಂದಾಗ ತುದಿ ರಿಮ್‌ಗೆ ಸವರಿ ಕಿರ್ ಅಂತಿತ್ತು. ಚಕ್ರ ಬಿಚ್ಚಿದರು. ನಟ್ ಇಲ್ಲದೆ ಹಾಗೇ ಹಬ್ (ಚಕ್ರ ಕೂರುವ, ಅದರ ಜೊತೆ ತಿರುಗುವ ಭಾಗ) ಮೇಲೆ ಮತ್ತೆ ಕೂರಿಸಿ, "ಇಲ್ಲಿ ಬೆರಳಿಟ್ಟು ನೋಡಪ್ಪಾ" ಅಂದರು. ಹಬ್‌ನ ನಡುವೆ ಮುಂದಕ್ಕೆ ಚಾಚಿದ ಗುಂಡನೆ ಭಾಗಕ್ಕೂ ಚಕ್ರದ ನಡುವಿನ ತೂತಿಗೂ ಮಧ್ಯೆ ನನ್ನ ಕಿರುಬೆರಳ ತುದಿ ಆರಾಮಾಗಿ ಇಳಿಯಿತು.

ವರ್ನಿಯರ್ ಇಟ್ಟು ಅಳೆದರು. ಹಬ್ 54.1 ಮಿಲಿಮೀಟರ್. ಅಲಾಯ್ ತೂತು 73.1.

ವಿಷಯ ಇಷ್ಟೇ. ಹೊರಗಿನ ಅಲಾಯ್ ಮಾಡುವವರು ಒಂದೇ ಚಕ್ರ ಬೇರೆ ಬೇರೆ ಕಾರಿಗೆ ಹೊಂದಲಿ ಅಂತ ನಡುವಿನ ತೂತನ್ನು ದೊಡ್ಡದಾಗಿ ಬಿಡುತ್ತಾರೆ. ಕಬ್ಬಿಣದ ಚಕ್ರ ಹಬ್ ಮೇಲೆ ಬಿಗಿಯಾಗಿ ಕೂತು ತಾನೇ ನಡುವಿಗೆ ಬರುತ್ತಿತ್ತು. ಅಲಾಯ್‌ಗೆ ಆ ಆಸರೆ ಇಲ್ಲ, ನಾಲ್ಕು ನಟ್ಟುಗಳೇ ಅದನ್ನು ನಡುವಿಗೆ ತರಬೇಕು. ಅಂಗಡಿಯಲ್ಲಿ ಕಾರು ಕೆಳಗಿಳಿಸಿ, ನಟ್ ಬಿಗಿಯುವ ಗನ್ ಹಿಡಿದು ಒಂದು ನಟ್ಟನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುತ್ತಾರೆ, ಚಕ್ರ ಸರಿದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಬ್ಯಾಲೆನ್ಸಿಂಗ್ ಮೆಷಿನ್ ಸೊನ್ನೆ ತೋರಿಸಿದ್ದೂ ಸುಳ್ಳಲ್ಲ. ಅಲ್ಲಿ ಚಕ್ರವನ್ನು ನಡುವಿನ ತೂತಿಗೆ ಕೋನ್ ಹಾಕಿ ಹಿಡಿಯುತ್ತಾರೆ, ಹಾಗಾಗಿ ಮೆಷಿನ್ ಮೇಲೆ ಅದು ಸರಿಯಾಗಿ ನಡುವಿನಲ್ಲೇ ತಿರುಗುತ್ತದೆ. ಕಾರಿನ ಮೇಲೆ ತಿರುಗುವುದು ಬೇರೆ ಜಾಗದಲ್ಲಿ.

ಮನೆಗೆ ಬಂದು ಲೆಕ್ಕ ಹಾಕಿದೆ. ಅಡಿಕೆ ತೂಗುವ ಸ್ಕೇಲ್ ಮೇಲೆ ಟೈರ್ ಸಮೇತ ಚಕ್ರ ಇಟ್ಟರೆ 16 ಕೆಜಿ. ಇಷ್ಟು ತೂಕದ ಚಕ್ರ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಕೂತರೆ, ರಿಮ್ ಅಂಚಿನಲ್ಲಿ ಸುಮಾರು 40 ಗ್ರಾಂ ತೂಕ ತಪ್ಪಿದ್ದಕ್ಕೆ ಸಮ. ಈ ಟೈರ್ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಕಡಿಮೆ ಹೋಗುತ್ತದೆ, ಅಂದರೆ 100ರ ವೇಗದಲ್ಲಿ ಸೆಕೆಂಡಿಗೆ 14 ಸುತ್ತು. ಆ 40 ಗ್ರಾಂ ಆಗ ಸುಮಾರು 6 ಕೆಜಿ ಎಳೆತ ಆಗುತ್ತದೆ, ಸೆಕೆಂಡಿಗೆ 14 ಸಲ. ವೇಗ ಅರ್ಧ ಮಾಡಿದರೆ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಯಾಕೆ ಗೊತ್ತಾಗಲಿಲ್ಲ ಅನ್ನುವುದು ಆಗ ಅರ್ಥವಾಯಿತು.

ಪರಿಹಾರ ನಾಲ್ಕು ಅಲ್ಯುಮಿನಿಯಂ ರಿಂಗ್. ಹೊರಗೆ 73.1, ಒಳಗೆ 54.1. ನಾಲ್ಕಕ್ಕೆ ₹1,200. ಪ್ಲಾಸ್ಟಿಕ್ಕಿನದೂ ಸಿಗುತ್ತದೆ, ಘಾಟಿ ಇಳಿಯುವಾಗ ಬ್ರೇಕ್ ಬಿಸಿ ಹಬ್‌ಗೂ ಬರುತ್ತೆ ಅಲ್ವಾ, ಅದಕ್ಕೆ ನಾನು ಲೋಹದ್ದೇ ತಗೊಂಡೆ. ಹಬ್ ಮೇಲಿನ ತುಕ್ಕು ಉಜ್ಜಿ, ರಿಂಗ್ ಕೂರಿಸಿ, ಚಕ್ರ ಗಾಳಿಯಲ್ಲಿರುವಾಗಲೇ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿದರು. ಗನ್ ಮುಟ್ಟಲೇ ಇಲ್ಲ.

ಮರುದಿನ ಹೈವೇಗೆ ಹೋದೆ. 88, 92, 95. ಸ್ಟೇರಿಂಗ್ ನಿಂತುಬಿಟ್ಟಿತ್ತು. ಗಂಟಲು ಕಟ್ಟಿದ ಹಾಗಾಯಿತು ನಿಜವಾಗಿ. ಸೀಟಿನ ಕೆಳಗೆ ಮಾತ್ರ ಸ್ವಲ್ಪ ಉಳಿದಿತ್ತು. ಅದಕ್ಕೆ ಕಾರಣ ಹಿಂದಿನ ಬಲ ರಿಮ್, ಒಳಗಿನ ಅಂಚು ಯಾವುದೋ ಗುಂಡಿಗೆ ಬಿದ್ದು ಬಾಗಿತ್ತು, ಹೊರಗಿನಿಂದ ಕಾಣುವುದೇ ಇಲ್ಲ. ಕಾಯಿಸಿ ತಟ್ಟಿ ನೇರ ಮಾಡಿಕೊಡುವವರಿದ್ದಾರೆ, ಅಲಾಯ್ ಬಿರುಕು ಬಿಟ್ಟರೆ ಅಪಾಯ, ಅದಕ್ಕೆ ಹೊಸದೊಂದು ತಂದೆ.

ಈಗ ರಿಂಗ್ ಹಾಕಿ 16 ತಿಂಗಳು. ನಡುಕ ವಾಪಸ್ ಬಂದಿಲ್ಲ. ಟೈರ್ ನಾಲ್ಕೂ ಸಮನಾಗಿ ಸವೆಯುತ್ತಿವೆ. ಮೈಲೇಜ್‌ನಲ್ಲಿ ಅಲಾಯ್‌ನಿಂದ ಏನೂ ವ್ಯತ್ಯಾಸ ಕಾಣಲಿಲ್ಲ. ಬಣ್ಣ ಎರಡು ಕಡೆ ಎದ್ದಿದೆ. ಒಂದು ಎಚ್ಚರಿಕೆ ಬೇಕು, ಪಂಕ್ಚರ್ ಅಂಗಡಿಯಲ್ಲಿ ಚಕ್ರ ಬಿಚ್ಚಿದಾಗ ರಿಂಗ್ ಕೆಳಗೆ ಬಿದ್ದು ಅಲ್ಲೇ ಉಳಿಯಬಹುದು. ನಾನು ಒಮ್ಮೆ ಹಿರಿಯೂರಿನಿಂದ ಹೊರಡುವ ಮುಂಚೆ ನೋಡಿಕೊಂಡೆ, ನೀರಿನ ತೊಟ್ಟಿ ಪಕ್ಕದಲ್ಲಿ ಬಿದ್ದಿತ್ತು.

ಅಲಾಯ್ ಕೊಟ್ಟ ಅಂಗಡಿಗೂ ಹೋಗಿ ರಿಂಗ್ ತೋರಿಸಿ ಬಂದೆ. ಜಗಳ ಆಡಲಿಲ್ಲ. ಕೆಲಸದ ಹುಡುಗ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಎರಡೂ ಅಳತೆ ಬರೆದುಕೊಂಡ. ನೀವೂ ಹೊಸದಾಗಿ ಹಾಕಿಸುವುದಿದ್ದರೆ ಡಿಸೈನ್ ನೋಡುವ ಮೊದಲು ಆ ಎರಡು ಅಳತೆ ಕೇಳಿ. ಈಗಾಗಲೇ ಹಾಕಿಸಿ ಅದುರುತ್ತಿದ್ದರೆ, ನಾಲ್ಕನೇ ಸಲ ಬ್ಯಾಲೆನ್ಸಿಂಗ್‌ಗೆ ಕೊಡುವ ಬದಲು ಒಂದು ಚಕ್ರ ಬಿಚ್ಚಿಸಿ ಹಬ್ ಸುತ್ತ ಬೆರಳಾಡಿಸಿ ನೋಡಿ.