ಸ್ಲೈಡಿಂಗ್ ಕಿಟಕಿಯೋ, ಕದ ತೆರೆಯುವ ಕಿಟಕಿಯೋ?

30x40 ನಿವೇಶನದಲ್ಲಿ ಮನೆ ಕಟ್ಟಿಸುತ್ತಿರುವ ನೀವು ಮೊದಲು ಗಾಳಿಯನ್ನು ನೆನೆಯಿರಿ. ಎರಡು ಕದಗಳ ಸ್ಲೈಡಿಂಗ್ ಕಿಟಕಿ ಎಷ್ಟು ಸರಿಸಿದರೂ ಅರ್ಧವೇ ತೆರೆಯುತ್ತದೆ. ಬಾಗಿಲಿನಂತೆ ಕದ ತೆರೆಯುವ ಕೀಲಿನ ಕಿಟಕಿ ಪೂರ್ತಿ ತೆರೆಯುತ್ತದೆ. ಬೆಂಗಳೂರಿನ ಸಂಜೆಯ ತಂಗಾಳಿಯಲ್ಲಿ ಅರ್ಧವನ್ನು ಹೊರಗೇ ನಿಲ್ಲಿಸುವುದು ನನಗಂತೂ ಒಪ್ಪದು.

ಜಾಗ ನೋಡಿದರೆ ಮಾತು ತಿರುಗುತ್ತದೆ. ಪಕ್ಕದ ಗೋಡೆ ಮೂರಡಿಯಲ್ಲೇ ಇದ್ದರೆ ಹೊರಕ್ಕೆ ತೆರೆದ ಕದ ಓಡಾಡುವವರ ತಲೆಗೆ ತಾಗುತ್ತದೆ. ಅಲ್ಲಿ ಸ್ಲೈಡಿಂಗ್ ವಾಸಿ. ಸೊಳ್ಳೆ ಪರದೆಗೂ ಅದೇ ಸಲೀಸು: ಮೂರು ಹಳಿಯ ಚೌಕಟ್ಟು ತೆಗೆದುಕೊಂಡರೆ ಜಾಲರಿಗೆ ಒಂದು ಹಳಿ ಸಿಗುತ್ತದೆ.

ಮಳೆ ಮತ್ತು ಸದ್ದಿನ ವಿಷಯದಲ್ಲಿ ಕೀಲಿನ ಕಿಟಕಿಯೇ ಗಟ್ಟಿ. ಹಿಡಿಕೆ ತಿರುಗಿಸಿದಾಗ ಕದ ರಬ್ಬರ್ ಪಟ್ಟಿಗೆ ಒತ್ತಿ ಕೂರುತ್ತದೆ. ಸ್ಲೈಡಿಂಗ್‌ನಲ್ಲಿ ಕದ ಸರಿದಾಡಲು ಸಂದು ಬೇಕೇ ಬೇಕು. ಅದರ ಕೆಳಹಳಿಯನ್ನು ಒಮ್ಮೆ ಬಗ್ಗಿ ನೋಡಿ: ರಸ್ತೆಯ ಕೆಂಧೂಳು, ಕೂದಲು, ಸತ್ತ ಇರುವೆಗಳು. ನೀರು ಹೊರಹೋಗುವ ಸಣ್ಣ ತೂತುಗಳು ಇದರಿಂದ ಕಟ್ಟಿಕೊಂಡರೆ ಜೋರು ಮಳೆಯ ನೀರು ಒಳಗೇ ಇಳಿಯುತ್ತದೆ. ತಿಂಗಳಿಗೊಮ್ಮೆ ಹಳಿ ಒರೆಸಲು ಆಗದಿದ್ದರೆ ಈ ಬಗೆ ಬೇಡ.

ಒಂದೇ ಸಾಮಗ್ರಿಯಲ್ಲಿ ಸ್ಲೈಡಿಂಗ್ ಸಾಮಾನ್ಯವಾಗಿ ಅಗ್ಗ. ತೇಗದ ಕದ ಚೆಂದ, ಆದರೆ ದುಬಾರಿ. ಆಗಾಗ ಪಾಲಿಶ್ ಬೇಡುತ್ತದೆ.

ಹಾಗಾಗಿ ರಸ್ತೆಯ ಕಡೆಗಿನ ಮಲಗುವ ಕೋಣೆಗೆ ಕೀಲಿನದನ್ನು, ಇಕ್ಕಟ್ಟಿನ ಪಕ್ಕಗೋಡೆಗೆ ಮತ್ತು ಬಾಲ್ಕನಿಗೆ ಸ್ಲೈಡಿಂಗ್ ಅನ್ನು ಕೇಳಿ. ಗ್ರಿಲ್ ಎಲ್ಲಿ ಕೂರುತ್ತದೆಂದು ಮೊದಲೇ ತೀರ್ಮಾನಿಸಿ. ಹೊರಗೆ ಗ್ರಿಲ್ ಬಂದರೆ ಹೊರಕ್ಕೆ ತೆರೆಯುವ ಕದ ಆಡುವುದಿಲ್ಲ.