ತುಕ್ಕು ಹಿಡಿದ ಹಳೇ ವಾಷಿಂಗ್ ಮಷೀನು: ಕನ್ವರ್ಟರ್, ಫೈಬರ್, ಟಿಂಕರಿಂಗ್ ಮೂರೂ ಮಾಡಿಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಷೀನಿನ ತಗಡಿನಲ್ಲಿ ತೂತು ಬಿದ್ದಿದ್ದರೆ ಸೀದಾ ಕಾರಿನ ಟಿಂಕರಿಂಗ್ ಶೆಡ್ಡಿಗೆ ಹೋಗಿ. ಕೊಳೆತ ಜಾಗ ಕತ್ತರಿಸಿ ಹೊಸ ತಗಡು ಬೆಸೆಸಿ. ಈ ಬುದ್ಧಿ ಬರುವಷ್ಟರಲ್ಲಿ ನನಗೆ ಹತ್ತು ತಿಂಗಳು, ಎರಡು ಸಾವಿರ ಚಿಲ್ಲರೆ ರೂಪಾಯಿ, ಒಂದು ಹವಾಯಿ ಚಪ್ಪಲಿ ಹೋಗಿತ್ತು.

ಮಷೀನು ಅಮ್ಮನದ್ದು. 1997ರಲ್ಲಿ ಕಂತಿನಲ್ಲಿ ಕೊಂಡದ್ದು. ಮೇಲಿನಿಂದ ಬಟ್ಟೆ ಹಾಕುವ ಜಾತಿ, ಕಿರ್ರ್ ಅಂತ ತಿರುಗುವ ಟೈಮರ್, ಒಳಗೆ ಬೆಲ್ಟು, ದಪ್ಪ ಮೋಟಾರು. ಮನೆ ಇರುವುದು ಮಲ್ಪೆ ಹತ್ತಿರ. ಗಾಳಿಯಲ್ಲಿ ಉಪ್ಪು, ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಮಷೀನು ಇಟ್ಟಿರುವುದು ಬಚ್ಚಲಿನಲ್ಲಿ. ತುಕ್ಕಿಗೆ ಇನ್ನೇನು ಬೇಕು?

ಹೊಸದು ತಗೊಳ್ಳಬಾರದಾ ಅಂತ ಎಲ್ಲರೂ ಕೇಳಿದರು. ನನ್ನ ಅಕ್ಕ ತಗೊಂಡಿದ್ದಳು. ಎರಡೇ ಮಳೆಗಾಲಕ್ಕೆ ಅದರ ಎಲೆಕ್ಟ್ರಾನಿಕ್ ಬೋರ್ಡಿನ ತಾಮ್ರದ ಗೆರೆಗಳು ಪಾಚಿ ಬಣ್ಣಕ್ಕೆ ತಿರುಗಿ ಮಷೀನು ಮೂಕವಾಯಿತು. ನಮ್ಮದರಲ್ಲಿ ಬೋರ್ಡೇ ಇಲ್ಲ. ಮೋಟಾರಿಗೆ ಏನೂ ಆಗಿಲ್ಲ. ಹಾಳಾದದ್ದು ಮೈ ಮಾತ್ರ.

ಅದೂ ಪೂರ್ತಿ ಅಲ್ಲ. ಮುಚ್ಚಳದ ಅಂಚಿನಲ್ಲಿ ಚುಕ್ಕಿ ಚುಕ್ಕಿ ತುಕ್ಕು, ಮತ್ತೆ ಮುಂದಿನ ಬಲಗಡೆ ಕೆಳಮೂಲೆಯಲ್ಲಿ ಎರಡು ಬೆರಳು ತೂರುವಷ್ಟು ತೂತು. ಆ ಮೂಲೆ ಯಾಕೆ ಕೊಳೆಯಿತು ಅನ್ನುವುದು ಮುಖ್ಯ. ಈ ಮಷೀನಿನ ತಗಡಿನ ಕೆಳ ಅಂಚನ್ನು ಒಳಗೆ ಮಡಚಿರುತ್ತಾರೆ, ಸೀರೆಯ ಅಂಚು ಮಡಚಿ ಹೊಲಿದ ಹಾಗೆ. ಆ ಮಡಿಕೆಯ ಒಳಗೆ ಬಣ್ಣ ಸರಿಯಾಗಿ ಹೋಗಿರುವುದಿಲ್ಲ. ನಮ್ಮ ಮಷೀನಿನಲ್ಲಿ ನೀರು ಹೊರಹೋಗುವ ಪೈಪಿನ ಜೋಡಣೆ ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಒಂದೊಂದೇ ಹನಿ ಮಡಿಕೆಗೆ ಇಳಿದು ಅಲ್ಲೇ ನಿಂತಿದೆ. ಅಂದರೆ ತುಕ್ಕು ಒಳಗಿನಿಂದ ಹೊರಗೆ ಬಂದದ್ದು. ನಮ್ಮ ಕಣ್ಣಿಗೆ ಬೀಳುವಾಗ ಅದರ ಕೆಲಸ ಮುಗಿದಿರುತ್ತದೆ.

ಇದು ಗೊತ್ತಿಲ್ಲದೆ ನಾನು ಹೊರಗಿನಿಂದ ಶುರು ಮಾಡಿದೆ.

ಮೊದಲನೆಯದು ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನೇ ಗಟ್ಟಿ ಕಪ್ಪು ಪದರವಾಗಿ ಬದಲಿಸುವ ದ್ರಾವಣ. ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ, ಅರ್ಧ ಲೀಟರಿಗೆ 380 ರೂಪಾಯಿ ಕೊಟ್ಟೆ. ನಾನು ತಂದದ್ದು ಟ್ಯಾನಿಕ್ ಆಸಿಡ್ ಇರುವಂಥದ್ದು. ಬಾಳೆಕಾಯಿ ಹೆಚ್ಚಿದ ಮೇಲೆ ಕತ್ತಿಯ ಅಲಗು ಕಪ್ಪಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಅಡಿಕೆ ಚೊಗರಿನಲ್ಲಿರುವ ಒಗರೇ ಇದರಲ್ಲೂ ಇರುವುದು. ಕೆಂಪು ತುಕ್ಕಿನ ಮೇಲೆ ಬಳಿದರೆ ಅರ್ಧ ಗಂಟೆಯಲ್ಲಿ ನೀಲಿಗಪ್ಪು ಆಗುತ್ತದೆ. ನೋಡಲಿಕ್ಕೆ ಬಹಳ ಖುಷಿ. ಪುಡಿ ಪುಡಿ ತುಕ್ಕನ್ನು ಮೊದಲು ವೈರ್ ಬ್ರಷ್‌ನಲ್ಲಿ ಉಜ್ಜಿ ತೆಗೆಯಬೇಕು, ಗಟ್ಟಿಯಾಗಿ ಕಚ್ಚಿಕೊಂಡದ್ದನ್ನು ಮಾತ್ರ ಬಿಡಬೇಕು. ತುಕ್ಕೇ ಇಲ್ಲದ ಹೊಳೆಯುವ ತಗಡಿನ ಮೇಲೆ ಬಳಿದರೆ ಪ್ರಯೋಜನ ಇಲ್ಲ. ಒಣಗಿದ ಮೇಲೆ ಪ್ರೈಮರು, ಪೇಂಟು ಹೊಡೆಯಲೇಬೇಕು. ಹಾಗೇ ಬಿಟ್ಟರೆ ಮತ್ತೆ ಕೆಂಪಾಗುತ್ತದೆ.

ಮುಚ್ಚಳದ ಅಂಚಿಗೆ ಇದು ಸಾಕಾಯಿತು. ಮೂರು ವರ್ಷ ಆಯಿತು, ಎರಡು ಕಡೆ ಬಿಟ್ಟರೆ ಇನ್ನೂ ಚೆನ್ನಾಗಿದೆ.

ಕೆಳಮೂಲೆಯಲ್ಲಿ ಮಾತ್ರ ನಾಪಾಸು. ನನ್ನ ತಪ್ಪೂ ಇತ್ತು, ಬಳಿದದ್ದು ಜುಲೈಯಲ್ಲಿ. ನಮ್ಮೂರಿನ ಜುಲೈಯಲ್ಲಿ ಉಪ್ಪಿನಕಾಯಿ ಭರಣಿಯ ಮುಚ್ಚಳವೂ ಒದ್ದೆ ಇರುತ್ತದೆ. ಎರಡು ದಿನ ಆದರೂ ಕೈಗೆ ಅಂಟುತ್ತಿತ್ತು. ಹೇರ್ ಡ್ರೈಯರ್ ಹಿಡಿದು ಕೂತೆ. ಅದರ ಮೇಲೆ ಒಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರು, ಎರಡು ಕೋಟ್ ಪೇಂಟು. ತೂತಿಗೆ ಎರಡು ಬತ್ತಿ ಸೇರಿಸಿ ಕಲಸುವ ಎಪಾಕ್ಸಿ ಪುಟ್ಟಿ ತುಂಬಿದೆ. ದೀಪಾವಳಿ ಹೊತ್ತಿಗೆ ಮಡಿಕೆಯಿಂದ ಬೊಬ್ಬೆ ಎದ್ದು ಪುಟ್ಟಿ ಹಲ್ಲು ಬಿದ್ದ ಹಾಗೆ ಬಿತ್ತು. ಬ್ರಷ್ ತಲುಪಿದಲ್ಲಿಗೆ ಮಾತ್ರ ಮದ್ದು ತಲುಪುತ್ತದೆ. ಮಡಿಕೆಯೊಳಗೆ ಅದು ಹೋಗಿರಲೇ ಇಲ್ಲ.

ಎರಡನೆಯದು ಫೈಬರ್, ಮೀನುಗಾರಿಕೆ ಬೋಟಿಗೆ ಹಾಕುತ್ತಾರಲ್ಲ, ಆ ಗಾಜಿನ ನಾರು. ಮಲ್ಪೆಯ ಸುತ್ತ ಇದ್ದುಕೊಂಡು ಫೈಬರ್ ನೆನಪಾಗದೆ ಇರುತ್ತದಾ? ಬೋಟು ರಿಪೇರಿ ಮಾಡುವವರೊಬ್ಬರನ್ನು ಕರೆದೆ. ಅವರು ಮೂಲೆ ನೋಡಿ ನಕ್ಕರು. "ಸಮುದ್ರದ ನೀರೇ ಒಳಗೆ ಬರುದಿಲ್ಲ, ಇನ್ನು ನಿಮ್ಮ ಸೋಪಿನ ನೀರು ಎಂತ ಮಾಡ್ತದೆ ಅಕ್ಕ?" ಮಾತು ಸರಿ ಅನ್ನಿಸಿತು. ಮಷೀನು ಬಿಚ್ಚುವುದು ಬೇಡ, ಬೆಂಕಿ ಇಲ್ಲ, ಒಂದು ಬೆಳಿಗ್ಗೆಯ ಕೆಲಸ, 1500 ರೂಪಾಯಿ. ಮಷೀನನ್ನು ಹಿಂದಕ್ಕೆ ಒರಗಿಸಿ ಮೂಲೆ ಉಜ್ಜಿದರು. ರೆಸಿನ್ ಅನ್ನುವ ಅಂಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಕಲಸಿ ಗಾಜಿನ ನಾರಿನ ಮ್ಯಾಟ್ ಮೂರು ಪದರ ಒತ್ತಿದರು. ಮನೆಯಿಡೀ ಎರಡು ದಿನ ವಾಸನೆ. ಆದರೆ ಗಟ್ಟಿ ಅಂದರೆ ಗಟ್ಟಿ, ಸುತ್ತಿಗೆಯಲ್ಲಿ ಹೊಡೆದರೂ ಅಲ್ಲಾಡುತ್ತಿರಲಿಲ್ಲ.

ಅಲ್ಲಾಡದೆ ಇದ್ದದ್ದೇ ತೊಂದರೆ ಆಯಿತು.

ಈ ಮಷೀನಿನ ಕಾಲು ಅಂದರೆ ಒಂದು ಬೋಲ್ಟು, ಅದರ ತುದಿಗೆ ರಬ್ಬರ್. ತಿರುಗಿಸಿದರೆ ಉದ್ದ ಗಿಡ್ಡ ಆಗುತ್ತದೆ. ನಾಲ್ಕು ಕಾಲೂ ನೆಲಕ್ಕೆ ಒಂದೇ ಸಮ ಕೂರುವ ಹಾಗೆ ಮಾಡಲಿಕ್ಕೆ ಈ ವ್ಯವಸ್ಥೆ. ತೂತು ಇದ್ದದ್ದು ಬಲಗಾಲಿನ ನಟ್ಟಿನ ಪಕ್ಕದಲ್ಲೇ. ಫೈಬರಿನವರು ತೂತಿನ ಜೊತೆಗೆ ನಟ್ಟು, ಬೋಲ್ಟು ಎಲ್ಲ ಸೇರಿಸಿ ರೆಸಿನ್ ಹಾಕಿಬಿಟ್ಟಿದ್ದರು. ಬೋಟಿಗೆ ಕಾಲು ಇರುವುದಿಲ್ಲವಲ್ಲ! ನಾನೂ ಹೇಳಲಿಲ್ಲ. ಒಣಗಿದ ಮೇಲೆ ನೋಡಿದರೆ ಆ ಕಾಲು ಉಳಿದವಕ್ಕಿಂತ ಹೆಚ್ಚುಕಮ್ಮಿ ಎಂಟು ಮಿಲಿಮೀಟರ್ ಗಿಡ್ಡ. ತಿರುಗುವುದಿಲ್ಲ. ಸ್ಪ್ಯಾನರ್ ಹಾಕಿದರೆ ಹಿಡಿಯಲಿಕ್ಕೆ ನಟ್ಟೇ ಕಾಣುವುದಿಲ್ಲ.

ಎಂಟು ಮಿಲಿಮೀಟರ್ ಏನು ಮಹಾ ಅನ್ನಬಹುದು. ಈ ಥರದ ಮಷೀನಿನಲ್ಲಿ ಟಬ್ಬು ನೆಲದ ಮೇಲೆ ಕೂತಿರುವುದಿಲ್ಲ. ಮೇಲಿನ ನಾಲ್ಕು ಮೂಲೆಗಳಿಂದ ನಾಲ್ಕು ಕಂಬಿಯಲ್ಲಿ ತೊಟ್ಟಿಲಿನ ಹಾಗೆ ನೇತಾಡುತ್ತಿರುತ್ತದೆ. ಮೈ ಒಂದು ಕಡೆ ವಾಲಿದರೆ ತೊಟ್ಟಿಲೂ ವಾಲುತ್ತದೆ. ಹಿಂಡುವಾಗ ಅದು ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತದೆ. ಬಟ್ಟೆ ಒಂದೇ ಬದಿಗೆ ಸೇರಿ, ಟಬ್ಬು ಹೊಯ್ದಾಡಿ, ಒಳಗಿನ ಒಂದು ಪಟ್ಟಿಗೆ ಬಡಿದು ಮಷೀನು ನಿಂತುಬಿಡುತ್ತದೆ. ಅದು ಸುರಕ್ಷತೆಗೆ ಇಟ್ಟದ್ದೇ. ಆದರೆ ದಿನಾ ಮೂರು ಸಲ ನಿಂತರೆ? ಅಮ್ಮ ಅಡುಗೆಮನೆಯಿಂದ ಓಡಿ ಬರುವುದು, ಮುಚ್ಚಳ ತೆರೆದು ಬೆಡ್‌ಶೀಟ್ ಬಿಡಿಸುವುದು, ಮತ್ತೆ ಮುಚ್ಚುವುದು.

ಆ ಗಿಡ್ಡ ಕಾಲಿನ ಕೆಳಗೆ ಏನಾದರೂ ಇಡೋಣ ಅಂತ ಶುರು ಮಾಡಿದೆವು. ಮೊದಲು ರಟ್ಟು. ಎರಡು ದಿನಕ್ಕೆ ಅಂಬಲಿಯಾಯಿತು. ಟೈಲ್ಸಿನ ತುಂಡು ಜಾರಿತು. ಮರದ ಚಕ್ಕೆ ಊದಿಕೊಂಡಿತು. ಕಡೆಗೆ ಹವಾಯಿ ಚಪ್ಪಲಿಯ ಹಿಮ್ಮಡಿ ಕತ್ತರಿಸಿ ಇಟ್ಟೆ. ಅಳತೆ ಸರಿಯಾಗಿ ಕೂತಿತು. ಒಂಬತ್ತು ದಿನ ಆರಾಮ. ಅಮ್ಮನ ಮುಂದೆ ನನ್ನ ಬೆಲೆಯೂ ಸ್ವಲ್ಪ ಏರಿತು. ಹತ್ತನೇ ದಿನ ಜೀನ್ಸ್ ಪ್ಯಾಂಟುಗಳ ಲೋಡು ಹಾಕಿ ನಾನು ಹೊರಗೆ ಹೋಗಿದ್ದೆ. ಬಚ್ಚಲಿನ ನೆಲ ನೀರು ಹೋಗಲಿ ಅಂತ ಮೋರಿಯ ಕಡೆ ಇಳಿಜಾರು ಇದೆ. ಚಪ್ಪಲಿ ತುಂಡು ಜಾರಿದೆ, ಮಷೀನು ಕುಣಿಯುತ್ತಾ ಕುಣಿಯುತ್ತಾ ಬಾಗಿಲ ತನಕ ನಡೆದಿದೆ, ಪೈಪು ಕಿತ್ತು ಬಂದಿದೆ. ನಾನು ಬರುವಾಗ ನಡುಮನೆಯಲ್ಲಿ ಸೋಪಿನ ನೀರು. ಅಮ್ಮ ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು ಕೂತಿದ್ದರು. "ನಿನ್ನ ಬೋಟು ಹೊರಟಿತು ನೋಡು" ಅಂದರು.

ರೆಸಿನ್ ಕರಗಿಸಿ ಬೋಲ್ಟು ಬಿಡಿಸಬಹುದಾ ಅಂತ ವಿಚಾರಿಸಿದೆ. ಒಮ್ಮೆ ಗಟ್ಟಿಯಾದ ರೆಸಿನ್ ಮೇಣದ ಹಾಗೆ ಕರಗುವುದಿಲ್ಲ, ಬೆಂಕಿ ಕೊಟ್ಟರೆ ಸುಟ್ಟು ಹೊಗೆಯಾಗುತ್ತದೆ. ಗ್ರೈಂಡರಿನಲ್ಲಿ ಕತ್ತರಿಸುವುದೊಂದೇ ದಾರಿ. ಗ್ರೈಂಡರ್ ಇರುವುದು ಟಿಂಕರಿಂಗ್ ಶೆಡ್ಡಿನಲ್ಲಿ. ಹಾಗೆ ನಾನು ಅಲ್ಲಿಗೆ ತಲುಪಿದ್ದು. ಮಾಡಿದ ಸಾಹಸವನ್ನೆಲ್ಲ ಹೇಳಿಕೊಂಡಾಗ ಅಲ್ಲಿನ ಹಿರಿಯರು ಒಂದೇ ಮಾತು ಕೇಳಿದರು, "ಮೊದಲೇ ಬರ್ಲಿಕ್ಕೆ ಎಂತ ಆಗಿತ್ತು?"

ಮಷೀನನ್ನು ಖಾಲಿ ಮಾಡಿ ತರಬೇಕು ಅನ್ನುವುದು ಅವರ ಷರತ್ತು. ಬೆಸುಗೆಯ ಬಿಸಿಗೆ ಪ್ಲಾಸ್ಟಿಕ್ಕು, ವೈರು ಕರಗುತ್ತದೆ. ಇದಕ್ಕೆ ನನಗೆ ಅರ್ಧ ದಿನ ಹಿಡಿಯಿತು. ಪ್ಲಗ್ ಕಿತ್ತು, ಪ್ರತಿ ವೈರಿನ ಫೋಟೋ ತೆಗೆದು, ನಾಲ್ಕು ಕಂಬಿ ಕಳಚಿ, ತಮ್ಮನ ಜೊತೆ ಸೇರಿ ಟಬ್ಬು ಎತ್ತಿ ಹೊರಗಿಟ್ಟೆ. ತುಕ್ಕು ಹಿಡಿದ ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಎರಡು ಮುರಿದವು, ಹೋಗಲಿ.

ಶೆಡ್ಡಿನಲ್ಲಿ ಗ್ರೈಂಡರ್ ಒಂದು ಬದಿ ತಾಗಿಸಿದ್ದೇ ತಡ, ಫೈಬರ್ ತುಂಡು ಇಡಿಯಾಗಿ ಹಲಸಿನ ಸಿಪ್ಪೆಯ ಹಾಗೆ ಎದ್ದು ಬಂತು. ನನಗೆ ಕಣ್ಣು ಬಿಚ್ಚಿದ್ದು ಆಗಲೇ. ತುಂಡಿನ ಒಳಮೈ ಪೂರ್ತಿ ಒದ್ದೆ. ಕಾಫಿ ಗಸಿಯಂಥ ತುಕ್ಕು, ಅದರ ಮೇಲೆ ಸೋಪಿನ ಬಿಳಿ ಕೆನೆ. ಫೈಬರಿನ ಬೋಟಿಗೆ ಫೈಬರ್ ಹಚ್ಚಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಬೋಟಿನ ಮಾಮೂಲಿ ಪಾಲಿಯೆಸ್ಟರ್ ರೆಸಿನ್ ಉಕ್ಕಿನ ತಗಡನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಅದರ ಮೇಲೆ ದಿನಾ ನಡುಕ ಬೇರೆ. ಅಂಚು ಬಿಟ್ಟಿದೆ, ನೀರು ಒಳಗೆ ಹೋಗಿದೆ, ಹೊರಗೆ ಬರಲಿಕ್ಕೆ ದಾರಿ ಇಲ್ಲ. ಆರು ತಿಂಗಳಿನಲ್ಲಿ ಎರಡು ಬೆರಳಿನ ತೂತು ಅಂಗೈ ಅಗಲ ಆಗಿತ್ತು. ಬೋಟಿನವರ ಕೆಲಸದಲ್ಲಿ ತಪ್ಪಿಲ್ಲ, ಅದನ್ನು ತಗಡಿಗೆ ಹಾಕಿಸಿದ್ದು ನನ್ನ ತಪ್ಪು.

ಟಿಂಕರಿಂಗಿನವರು ಸಣ್ಣ ಸುತ್ತಿಗೆಯಲ್ಲಿ ತಗಡು ತಟ್ಟುತ್ತಾ ಹೋದರು. ಗಟ್ಟಿ ಇರುವಲ್ಲಿ ಠಣ್ ಅನ್ನುತ್ತದೆ, ಕೊಳೆತಲ್ಲಿ ಡಬ್ ಅನ್ನುತ್ತದೆ. ಡಬ್ ಮುಗಿದು ಠಣ್ ಶುರುವಾದ ಮೇಲೂ ಎರಡು ಬೆರಳು ಬಿಟ್ಟು ಗೆರೆ ಎಳೆದರು. ಅಷ್ಟೂ ಕತ್ತರಿಸಿ ತೆಗೆದರು. 20 ಗೇಜಿನ, ಅಂದರೆ ಸುಮಾರು 0.9 ಮಿ.ಮೀ. ದಪ್ಪದ ತಗಡು ಮಡಚಿ ಅದೇ ಆಕಾರ ಮಾಡಿದರು. ಬೇಗ ತುಕ್ಕು ಹಿಡಿಯದ ಜಿ.ಐ. ತಗಡು, ಅಂದರೆ ಸತು ಲೇಪಿಸಿದ್ದು, ಹಾಕಬಹುದಲ್ಲ ಅಂದೆ. ಅದನ್ನು ಬೆಸೆಯುವಾಗ ಸತುವಿನ ಹೊಗೆ ಬರುತ್ತದೆ, ಅದನ್ನು ಉಸಿರಾಡಿದವರಿಗೆ ರಾತ್ರಿ ಚಳಿಜ್ವರ ಅಂದರು. ಸುಮ್ಮನಾದೆ. ಬೆಸುಗೆಯನ್ನೂ ಒಂದೇ ಎಳೆಗೆ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಒದ್ದೆ ಬಟ್ಟೆ. ಇಷ್ಟು ತೆಳು ತಗಡಿಗೆ ಒಂದೇ ಕಡೆ ಬಿಸಿ ಜಾಸ್ತಿಯಾದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಕಾಲಿನ ಜಾಗದಲ್ಲಿ 3 ಮಿ.ಮೀ. ಪಟ್ಟಿ ಹಾಕಿ ಹೊಸ ನಟ್ಟು ಬೆಸೆದು, ನಟ್ಟಿನ ಒಳಗಿನ ಸುತ್ತುಗೆರೆಗಳಿಗೆ ಗ್ರೀಸ್ ತುಂಬಿ ಕೊಟ್ಟರು. ನಾನು ಕೇಳದೆಯೇ ಕೆಳ ಮಡಿಕೆಗೆ ಎರಡು ಸಣ್ಣ ರಂಧ್ರವನ್ನೂ ಕೊರೆದರು. ನೀರು ಬಿದ್ದರೆ ನಿಲ್ಲದೆ ಹೋಗಲಿ ಅಂತ. ನನ್ನ ಲೆಕ್ಕದಲ್ಲಿ ಕೊಟ್ಟ ದುಡ್ಡಿನ ಅರ್ಧ ಈ ಎರಡು ರಂಧ್ರಕ್ಕೇ ಹೋಗಬೇಕು. ಆಮೇಲೆ ಹಾರ್ಡನರ್ ಸೇರಿಸಿ ಹೊಡೆಯುವ ಎಪಾಕ್ಸಿ ಪ್ರೈಮರು, ಪೇಂಟು. ಮಡಿಕೆಯ ಒಳಗೆ ಕಾರಿನ ಅಡಿಗೆ ಮಳೆಗಾಲದ ಮೊದಲು ಹೊಡೆಯುವ ಕಪ್ಪು ಕೋಟಿಂಗ್. ಬಣ್ಣ ಮಾತ್ರ ಹೊಂದಲಿಲ್ಲ. ಹಳೇದು ಕೆನೆಬಣ್ಣ, ಅವರಲ್ಲಿದ್ದದ್ದು ಯಾವುದೋ ಕಾರಿನ ಅಚ್ಚ ಬಿಳಿ.

ಒಟ್ಟು 3200 ರೂಪಾಯಿ, ಅದರಲ್ಲಿ ಗೂಡ್ಸ್ ರಿಕ್ಷಾದ ಬಾಡಿಗೆ 400. ಮನೆಗೆ ತಂದು ಮೊದಲು ಮಾಡಿದ ಕೆಲಸ ತೊಟ್ಟಿಕ್ಕುತ್ತಿದ್ದ ಪೈಪಿಗೆ ಹೊಸ ಕ್ಲಿಪ್ಪು ಹಾಕಿದ್ದು. ಅದಕ್ಕೆ ಹಿಡಿದದ್ದು 20 ರೂಪಾಯಿ. ಆಮೇಲೆ ಎರಡು ಮಳೆಗಾಲ ಕಳೆದು ಈಗ ಮೂರನೆಯದು ನಡೆಯುತ್ತಿದೆ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡುತ್ತೇನೆ. ಮೂಲೆ ಇನ್ನೂ ಬಿಳಿ. ಕಾಲು ಈಗಲೂ ಬೆರಳಲ್ಲೇ ತಿರುಗುತ್ತದೆ.

ಬಣ್ಣದ ಪುಡಿ ಎರಚುವ ಪೌಡರ್ ಕೋಟಿಂಗ್ ಬಗ್ಗೆಯೂ ಕೇಳಿದ್ದೆ. ಒಲೆಯಲ್ಲಿ 180-200 ಡಿಗ್ರಿಗೆ ಬೇಯಿಸಬೇಕು, ಮೈ ಪೂರ್ತಿ ಬತ್ತಲೆ ಆಗಬೇಕು, ಇಷ್ಟಾದರೂ ತೂತು ಮುಚ್ಚುವುದಿಲ್ಲ. ಅಲ್ಲಿಗೇ ಬಿಟ್ಟೆ.

ಹಾಗಂತ ಎಲ್ಲರೂ ಟಿಂಕರಿಂಗಿಗೆ ಓಡಬೇಕಾಗಿಲ್ಲ. ದಾವಣಗೆರೆಯ ಚಿಕ್ಕಮ್ಮನ ಮನೆಯಲ್ಲೂ ಹೆಚ್ಚುಕಮ್ಮಿ ಇಷ್ಟೇ ಹಳೇ ಮಷೀನಿದೆ. ಒಣ ಹವೆ, ತೂತು ಇಲ್ಲ, ಮೇಲುಮೇಲಿನ ತುಕ್ಕು. ಅವರಿಗೆ ಕನ್ವರ್ಟರ್ ಸಾಕು ಅಂದೆ, ಸಾಕಾಗಿದೆ. ಚಿಕ್ಕಪ್ಪ ವರ್ಷಕ್ಕೊಮ್ಮೆ ಕಿಟಕಿ ಸರಳಿಗೆ ಪೇಂಟ್ ಹೊಡೆಯುವ ಜಾತಿಯವರು, ಆ ಬ್ರಷ್‌ನಲ್ಲೇ ಮಷೀನನ್ನೂ ಮುಗಿಸುತ್ತಾರೆ. ನಾನು ಹಾಗಲ್ಲ, ಒಮ್ಮೆ ಮಾಡಿದರೆ ಮತ್ತೆ ಐದು ವರ್ಷ ಆ ಕಡೆ ತಲೆ ಹಾಕುವವಳಲ್ಲ. ಕೈಯಲ್ಲಿ 17,000 ಇದ್ದು ಬಿಚ್ಚುವ ತಾಳ್ಮೆ ಇಲ್ಲದವರು ಹೊಸದೇ ತಗೊಳ್ಳಿ, ಬೇಡ ಅನ್ನುವುದಿಲ್ಲ.

ಮುಚ್ಚಳದ ಅಂಚಿನ ಆ ಎರಡು ಚುಕ್ಕಿಗೆ ಹೊಸ ಬಾಟಲಿ ತಂದಿಟ್ಟಿದ್ದೇನೆ. ಈ ಸಲ ಜುಲೈಯಲ್ಲಿ ಮುಟ್ಟುವುದಿಲ್ಲ. ಮಳೆ ಬಿಡಲಿ.